ಒಂದೇ ಸರ್ವರ್, ಹಲವು ಕೈಗಳು: ನಂಪೈ ಸ್ಥಾಪನೆ ಮತ್ತು ನಿರ್ವಹಣೆ



"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆಯನ್ನು ನೀವು ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಮಡಕೆ ಮಾಡಲು ಕುಂಬಾರ ವರ್ಷವಿಡೀ ದುಡಿಯಬೇಕು. ಅದನ್ನು ಒಡೆಯಲು ಒಂದೇ ಏಟು ಸಾಕು. 2024ರ ನವೆಂಬರ್ ತಿಂಗಳಲ್ಲಿ, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಎರಡೇ ದಿನ ಉಳಿದಿದ್ದಾಗ, ಈ ಗಾದೆಯ ಅರ್ಥ ಇಲ್ಲಿ ಮಸ್ಕತ್ತಿನಲ್ಲಿ ನಮಗೆ ಚೆನ್ನಾಗಿ ತಿಳಿಯಿತು.

ಆಗ ನಮ್ಮ ಮಕ್ಕಳ ಎರಡು ತಂಡಗಳು ಒಂದೇ ಗಣಕಯಂತ್ರವನ್ನು ಹಂಚಿಕೊಂಡು ಕೆಲಸ ಮಾಡುತ್ತಿದ್ದವು. ಒಬ್ಬ ಪೋಷಕರು ಕೊಟ್ಟ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿ ಅದನ್ನು ಸರ್ವರ್ ಮಾಡಿದ್ದೆವು. ಮೊದಲ ತಂಡ ಆಗಸ್ಟ್‌ನಿಂದ ಪ್ರತಿದಿನ ಮಧ್ಯಾಹ್ನ ಶಾಲೆಯ ತಾರಸಿಯ ಮೇಲೆ ಉಷ್ಣಾಂಶ ಅಳೆದು, ಅದರ ಸರಾಸರಿ ಮತ್ತು ಏರಿಳಿತವನ್ನು ಲೆಕ್ಕ ಹಾಕುತ್ತಿತ್ತು. ಎರಡನೆಯ ತಂಡ ಛಾಯಾಚಿತ್ರಗಳಲ್ಲಿ ಬಣ್ಣಗಳನ್ನು ಬೇರ್ಪಡಿಸುವ ಕ್ರಮವಿಧಿ ಬರೆಯುತ್ತಿತ್ತು. ಆ ದಿನ ಸಂಜೆ ಎರಡನೆಯ ತಂಡದ ಹುಡುಗಿಯೊಬ್ಬಳು ತನಗೆ ಬೇಕಾದ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದಳು. ಕೊಟ್ಟದ್ದು ಒಂದೇ ಸಾಲಿನ ಆಜ್ಞೆ. ಅವಳ ಕೆಲಸ ನಡೆಯಿತು. ಆದರೆ ಉಷ್ಣಾಂಶದ ತಂಡದ ಮೂರು ತಿಂಗಳ ಕ್ರಮವಿಧಿ ನಿಂತುಹೋಯಿತು. "ಅಂಕಲ್, ನನ್ನಿಂದ ಎಲ್ಲಾ ಹಾಳಾಯ್ತು" ಎಂದು ಅವಳು ಫೋನಿನಲ್ಲಿ ಅಳುತ್ತಿದ್ದಳು.

ತಪ್ಪು ಅವಳದಲ್ಲ, ನನ್ನದು. ಸರ್ವರ್ ಸಿದ್ಧಪಡಿಸಿದವನು ನಾನು. ಎಲ್ಲರಿಗೂ ಒಂದೇ ಜಾಗದಲ್ಲಿ ತಂತ್ರಾಂಶ ಹಾಕಿಕೊಟ್ಟು, "ಮುಗಿಯಿತು" ಎಂದು ಕೈ ತೊಳೆದುಕೊಂಡವನೂ ನಾನೇ. ವೈಜ್ಞಾನಿಕ ಗಣನೆಯ ಲೈಬ್ರರಿಯನ್ನು ಸರ್ವರ್‌ನಲ್ಲಿ ಸ್ಥಾಪಿಸುವುದು ಹತ್ತು ನಿಮಿಷದ ಕೆಲಸ. ಒಬ್ಬರ ಕೆಲಸದಿಂದ ಇನ್ನೊಬ್ಬರ ಕೆಲಸ ಕೆಡದಂತೆ ಅದನ್ನು ನೋಡಿಕೊಳ್ಳುವುದೇ ನಿಜವಾದ ವಿದ್ಯೆ. ಈ ಪಾಠದಲ್ಲಿ ಅದನ್ನು ಹಂತ ಹಂತವಾಗಿ ಕಲಿಯೋಣ.

ಲೈಬ್ರರಿ ಎಂದರೇನು?

ಗಣಕಶಾಸ್ತ್ರದಲ್ಲಿ ಲೈಬ್ರರಿ ಎಂದರೆ ಪುಸ್ತಕಗಳ ಗ್ರಂಥಾಲಯವಲ್ಲ. ಬೇರೆಯವರು ಬರೆದು, ಪರೀಕ್ಷಿಸಿ, ಎಲ್ಲರ ಬಳಕೆಗೆ ಇಟ್ಟ ಕ್ರಮವಿಧಿಗಳ ಭಂಡಾರ. ಮನೆಯಲ್ಲಿ ಸಾರು ಮಾಡಲು ಪ್ರತಿದಿನ ಧನಿಯಾ, ಮೆಣಸಿನಕಾಯಿ ಹುರಿದು ಕುಟ್ಟುವುದಿಲ್ಲ. ಊರಿನಿಂದ ಬಂದ ಸಾರಿನ ಪುಡಿ ಡಬ್ಬಿಯಲ್ಲಿರುತ್ತದೆ. ಲೈಬ್ರರಿಯೂ ಹಾಗೆಯೇ, ಸಿದ್ಧವಾಗಿಟ್ಟ ಪುಡಿ.

ನಂಪೈ ಎಂಬುದು ಪೈಥಾನ್ ಭಾಷೆಯಲ್ಲಿ ಸಂಖ್ಯೆಗಳ ದೊಡ್ಡ ಪಟ್ಟಿ ಮತ್ತು ಮಾತೃಕೆಗಳನ್ನು, ಅಂದರೆ ಮ್ಯಾಟ್ರಿಕ್ಸ್‌ಗಳನ್ನು, ವೇಗವಾಗಿ ಲೆಕ್ಕ ಹಾಕುವ ಲೈಬ್ರರಿ. ಹನ್ನೆರಡನೇ ತರಗತಿಯ ಇನ್‌ಫರ್ಮ್ಯಾಟಿಕ್ಸ್ ಪ್ರಾಕ್ಟೀಸಸ್ ವಿಷಯದಲ್ಲಿ ಕಲಿಯುವ ಪಾಂಡಾಸ್ ಕೂಡ ನಂಪೈ ಮೇಲೆಯೇ ಕಟ್ಟಿದ್ದು.

ಇದರ ಬಲವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 1000 ಸಾಲು, 1000 ಕಂಬಗಳಿರುವ ಎರಡು ಮಾತೃಕೆಗಳನ್ನು ಗುಣಿಸಬೇಕು ಎಂದಿಟ್ಟುಕೊಳ್ಳಿ. ಉತ್ತರದಲ್ಲಿ 10 ಲಕ್ಷ ಸಂಖ್ಯೆಗಳಿವೆ. ಪ್ರತಿಯೊಂದಕ್ಕೂ 1000 ಗುಣಾಕಾರ ಬೇಕು. ಒಟ್ಟು 100 ಕೋಟಿ ಗುಣಾಕಾರ! ಬರಿಯ ಪೈಥಾನ್‌ನಲ್ಲಿ ಒಂದೊಂದಾಗಿ ಮಾಡಿದರೆ ಇದಕ್ಕೆ ನಿಮಿಷಗಳೇ ಹಿಡಿಯುತ್ತವೆ. ನಂಪೈ ಇದನ್ನು ಇಂದಿನ ಸಾಧಾರಣ ಯಂತ್ರದಲ್ಲೂ ಒಂದು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಮುಗಿಸುತ್ತದೆ.

ಹೇಗೆ? ಗುಣಾಕಾರದ ಭಾರವಾದ ಕೆಲಸವನ್ನು ನಂಪೈ ತಾನು ಮಾಡದೆ, ಒಳಗಿರುವ ಬ್ಲಾಸ್ ಎಂಬ ಇನ್ನೊಂದು ಭಂಡಾರಕ್ಕೆ ಒಪ್ಪಿಸುತ್ತದೆ. ಬ್ಲಾಸ್‌ನ ಮೊದಲ ರೂಪವನ್ನು 1979ರಲ್ಲಿ ಫೋರ್ಟ್ರಾನ್ ಭಾಷೆಗಾಗಿ ಪ್ರಕಟಿಸಲಾಯಿತು. ಸಮೀಕರಣಗಳನ್ನು ಬಿಡಿಸುವ ಲ್ಯಾಪ್ಯಾಕ್ 1992ರಲ್ಲಿ ಬಂತು. ಪೈಥಾನ್‌ಗೆ ಜಿಮ್ ಹ್ಯೂಗುನಿನ್ ಅವರು 1995ರಲ್ಲಿ ನ್ಯೂಮರಿಕ್ ಎಂಬ ಲೈಬ್ರರಿ ಬರೆದರು. ಅದರ ಮುಂದುವರಿಕೆಯಾಗಿ ಟ್ರಾವಿಸ್ ಆಲಿಫಂಟ್ ಅವರ ಮುಂದಾಳತ್ವದಲ್ಲಿ ನಂಪೈ 1.0 ಆವೃತ್ತಿ 2006ರಲ್ಲಿ ಹೊರಬಂತು. 2019ರ ಏಪ್ರಿಲ್‌ನಲ್ಲಿ ಪ್ರಕಟವಾದ ಕಪ್ಪುಕುಳಿಯ ಮೊದಲ ಚಿತ್ರದ ಹಿಂದಿನ ಲೆಕ್ಕಾಚಾರದಲ್ಲಿಯೂ ನಂಪೈ ಬಳಕೆಯಾಗಿತ್ತು. ಅದೇ ಲೈಬ್ರರಿ ನಿಮಗೂ ಉಚಿತವಾಗಿ ಸಿಗುತ್ತದೆ ಎಂಬುದು ಸಣ್ಣ ಮಾತಲ್ಲ.

ಸರ್ವರ್‌ನಲ್ಲಿ ಏನು ಬೇರೆ?

ನಿಮ್ಮ ಮನೆಯ ಲ್ಯಾಪ್‌ಟಾಪ್ ನಿಮ್ಮೊಬ್ಬರದು. ಅಲ್ಲಿ ಏನು ಕೆಟ್ಟರೂ ನಷ್ಟ ನಿಮಗೆ ಮಾತ್ರ. ಸರ್ವರ್ ಹಲವರದು. ಗಲ್ಫ್‌ಗೆ ಹೊಸದಾಗಿ ಬಂದಾಗ ನಮ್ಮಲ್ಲಿ ಅನೇಕರು ಒಂದೇ ಫ್ಲ್ಯಾಟಿನಲ್ಲಿ ಐದಾರು ಜನ ಇದ್ದು, ಒಂದೇ ಅಡುಗೆಮನೆ ಹಂಚಿಕೊಂಡವರೇ. ಒಲೆ ಒಂದೇ, ಫ್ರಿಜ್ ಒಂದೇ. ಆದರೆ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಕಪಾಟು, ಡಬ್ಬಿಯ ಮೇಲೆ ಹೆಸರು. ಮಂಗಳೂರಿನವರ ತೆಂಗಿನೆಣ್ಣೆಯನ್ನು ತೆಗೆದು ಆ ಜಾಗದಲ್ಲಿ ಕಡಲೆಕಾಯಿ ಎಣ್ಣೆ ಇಟ್ಟರೆ ಜಗಳವಾಗದೆ ಇರುತ್ತದೆಯೇ? ಸರ್ವರ್‌ನ ನಿಯಮವೂ ಇದೇ: ಒಲೆ ಎಲ್ಲರಿಗೂ ಒಂದೇ, ಕಪಾಟು ಬೇರೆ ಬೇರೆ.

ಇನ್ನೊಂದು ಎಚ್ಚರಿಕೆ. ಲಿನಕ್ಸ್ ತನ್ನ ಸ್ವಂತ ಕೆಲಸಗಳಿಗೂ ಪೈಥಾನ್ ಬಳಸುತ್ತದೆ. ಆ ಪೈಥಾನ್ ಮನೆ ಮಾಲೀಕನ ಕಪಾಟು ಇದ್ದಂತೆ. ಅದರಲ್ಲಿ ನಾವು ಕೈ ಹಾಕಿದರೆ ಯಂತ್ರದ ಸಲಕರಣೆಗಳೇ ಕೆಡಬಹುದು. ಇದೇ ಕಾರಣಕ್ಕೆ 2023ರಲ್ಲಿ ಬಂದ ಡೆಬಿಯನ್ 12ರಿಂದ, ಯಂತ್ರದ ಪೈಥಾನ್‌ಗೆ ನೇರವಾಗಿ ಪಿಪ್ ಮೂಲಕ ಏನನ್ನಾದರೂ ಹಾಕಲು ಹೋದರೆ ಅದು ತಡೆಯುತ್ತದೆ. ಆ ತಡೆಯನ್ನು ಮುರಿಯುವ ಉಪಾಯವೂ ಸಂದೇಶದಲ್ಲೇ ಕಾಣುತ್ತದೆ. ದಯವಿಟ್ಟು ಅದನ್ನು ಬಳಸಬೇಡಿ.

ಸ್ಥಾಪನೆಯ ಏಳು ಹೆಜ್ಜೆಗಳು

ಆಜ್ಞೆಗಳನ್ನು ಇಲ್ಲಿ ಓದುವ ಅನುಕೂಲಕ್ಕಾಗಿ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಯಂತ್ರದಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

1. ಸಾಮಾನ್ಯ ಬಳಕೆದಾರರಾಗಿ ಒಳಗೆ ಬನ್ನಿ. ರೂಟ್ ಎಂಬ ಮೇಲ್ವಿಚಾರಕರ ಖಾತೆಗೆ ಎಲ್ಲ ಅಧಿಕಾರವೂ ಇರುತ್ತದೆ. ಅಲ್ಲಿ ಆದ ತಪ್ಪು ಎಲ್ಲರಿಗೂ ತಟ್ಟುತ್ತದೆ.

2. ಇರುವುದನ್ನು ಮೊದಲು ನೋಡಿ. ಪೈಥಾನ್ ಯಾವ ಆವೃತ್ತಿ, ಡಿಸ್ಕ್‌ನಲ್ಲಿ ಎಷ್ಟು ಜಾಗವಿದೆ, ಮೆಮೊರಿ ಎಷ್ಟಿದೆ ಎಂದು ಬರೆದುಕೊಳ್ಳಿ. ಉದಾಹರಣೆಗೆ, ನಂಪೈ 2.0ಕ್ಕೆ ಕನಿಷ್ಠ ಪೈಥಾನ್ 3.9 ಬೇಕು.

3. ನಿಮ್ಮ ಯೋಜನೆಗೆ ಪ್ರತ್ಯೇಕ ಪರಿಸರ ಕಟ್ಟಿ. "ಪೈಥಾನ್3 -ಎಂ ವೆನ್ವ್ ಹವಾಮಾನ" ಎಂಬ ಆಜ್ಞೆ ಕೊಟ್ಟರೆ ಹವಾಮಾನ ಎಂಬ ಹೆಸರಿನ ಫೋಲ್ಡರ್ ಹುಟ್ಟುತ್ತದೆ. ಇದೇ ನಿಮ್ಮ ಕಪಾಟು. ಈ ಸೌಲಭ್ಯ 2012ರ ಪೈಥಾನ್ 3.3ರಿಂದ ಇದೆ. ಡೆಬಿಯನ್, ಉಬುಂಟುಗಳಲ್ಲಿ ಇದಕ್ಕೆ ಬೇಕಾದ ವೆನ್ವ್ ಪ್ಯಾಕೇಜನ್ನು ಮೇಲ್ವಿಚಾರಕರು ಮೊದಲೇ ಹಾಕಿಕೊಟ್ಟಿರಬೇಕು.

4. ಆ ಪರಿಸರವನ್ನು ಚಾಲೂ ಮಾಡಿ. ಫೋಲ್ಡರಿನೊಳಗಿನ ಬಿನ್ ಭಾಗದಲ್ಲಿ ಆ್ಯಕ್ಟಿವೇಟ್ ಎಂಬ ಕಡತವಿದೆ. "ಸೋರ್ಸ್" ಎಂಬ ಆಜ್ಞೆಯ ಮುಂದೆ ಅದರ ವಿಳಾಸ ಕೊಡಿ. ಪರದೆಯ ಸಾಲಿನ ಆರಂಭದಲ್ಲಿ ಪರಿಸರದ ಹೆಸರು ಕಾಣಿಸಿದರೆ ನೀವು ನಿಮ್ಮ ಕಪಾಟಿನ ಮುಂದೆ ನಿಂತಿದ್ದೀರಿ ಎಂದರ್ಥ. ಕಾಣಿಸದಿದ್ದರೆ ಮುಂದೆ ಹೋಗಬೇಡಿ.

5. ಆವೃತ್ತಿಯ ಸಂಖ್ಯೆ ಹೇಳಿ ಸ್ಥಾಪಿಸಿ. "ಪಿಪ್ ಇನ್‌ಸ್ಟಾಲ್ ನಂಪೈ" ಎಂದಷ್ಟೇ ಹೇಳಿದರೆ ಆ ದಿನ ನಿಮ್ಮ ಪೈಥಾನ್‌ಗೆ ಹೊಂದುವ ಹೊಸ ಆವೃತ್ತಿ ಬರುತ್ತದೆ. ಹೆಸರಿನ ನಂತರ ಎರಡು ಸಮ ಚಿಹ್ನೆ ಹಾಕಿ 1.26.4 ಎಂದೋ ನಿಮಗೆ ಬೇಕಾದ ಬೇರೆ ಸಂಖ್ಯೆಯನ್ನೋ ಬರೆದರೆ ಅದೇ ಬರುತ್ತದೆ. ಹೆಸರಿನ ಕಾಗುಣಿತವನ್ನು ಎರಡು ಸಲ ನೋಡಿ. ಹೆಸರಾಂತ ಲೈಬ್ರರಿಗಳ ಹೆಸರಿಗೆ ಒಂದಕ್ಷರ ಮಾತ್ರ ವ್ಯತ್ಯಾಸವಿರುವ ಮೋಸದ ಪ್ಯಾಕೇಜುಗಳನ್ನು ಇಡುವ ದುಷ್ಟರೂ ಇದ್ದಾರೆ.

6. ಪರೀಕ್ಷಿಸಿ. ಪೈಥಾನ್ ತೆರೆದು ನಂಪೈಯನ್ನು ಇಂಪೋರ್ಟ್ ಮಾಡಿ, ಆವೃತ್ತಿಯ ಸಂಖ್ಯೆ ಮುದ್ರಿಸಿ. ಉತ್ತರ ಮೊದಲೇ ಗೊತ್ತಿರುವ ಒಂದು ಚಿಕ್ಕ ಲೆಕ್ಕ ಕೊಟ್ಟು ನೋಡಿ. "ಪಿಪ್ ಚೆಕ್" ಎಂದರೆ ಹಾಕಿದ ಪ್ಯಾಕೇಜುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ತಿಳಿಯುತ್ತದೆ. ನಂಪೈ ಒಳಗಿನ "ಶೋ ಕಾನ್ಫಿಗ್" ಎಂಬ ಕಾರ್ಯ ಯಾವ ಬ್ಲಾಸ್ ಬಳಕೆಯಲ್ಲಿದೆ ಎಂದು ತೋರಿಸುತ್ತದೆ. ಲಿನಕ್ಸ್‌ನಲ್ಲಿ ಪಿಪ್‌ನಿಂದ ಬಂದ ನಂಪೈಯಲ್ಲಿ ಸಾಮಾನ್ಯವಾಗಿ ಓಪನ್‌ಬ್ಲಾಸ್ ಇರುತ್ತದೆ.

7. ಬರೆದಿಡಿ. "ಪಿಪ್ ಫ್ರೀಜ್" ಎಂದರೆ ನಿಮ್ಮ ಪರಿಸರದಲ್ಲಿರುವ ಎಲ್ಲ ಪ್ಯಾಕೇಜುಗಳ ಹೆಸರು ಮತ್ತು ಆವೃತ್ತಿ ಪಟ್ಟಿಯಾಗಿ ಬರುತ್ತದೆ. ಅದನ್ನು ಒಂದು ಕಡತದಲ್ಲಿ ಉಳಿಸಿ, ನಿಮ್ಮ ಕ್ರಮವಿಧಿಯ ಜೊತೆಗೇ ಇಡಿ. ಈ ಏಳನೆಯ ಹೆಜ್ಜೆಯನ್ನು ಎಲ್ಲರೂ ಮರೆಯುತ್ತಾರೆ. ನಾನೂ ಮರೆತಿದ್ದೆ.

ನಮ್ಮ ಸರ್ವರ್‌ನಲ್ಲಿ ಆದದ್ದೇನು?

ಈಗ ಆ ಸಂಜೆಗೆ ಮರಳೋಣ. ಒಮಾನಿನಲ್ಲಿ ಶುಕ್ರವಾರ, ಶನಿವಾರ ರಜೆ. ಆ ಎರಡು ದಿನ ತಾರಸಿಯ ಮೇಲೆ ಉಷ್ಣಾಂಶ ಅಳೆಯುವವರಿಲ್ಲ. ಅಳತೆ ಇಲ್ಲದ ದಿನಕ್ಕೆ ಪಟ್ಟಿಯಲ್ಲಿ ಏನು ಬರೆಯಬೇಕು? ಸೊನ್ನೆ ಬರೆದರೆ ಅನರ್ಥ. ಐದು ದಿನಗಳ ಅಳತೆ 40, 41, 39, 42, 38 ಡಿಗ್ರಿ ಇದ್ದರೆ ಮೊತ್ತ 200, ಸರಾಸರಿ 40. ಎರಡು ಸೊನ್ನೆ ಸೇರಿಸಿ ಏಳರಿಂದ ಭಾಗಿಸಿದರೆ ಸುಮಾರು 28.6. ಆಗಸ್ಟ್ ತಿಂಗಳ ಮಸ್ಕತ್ ಏಕಾಏಕಿ ಬೆಂಗಳೂರಾಗಿಬಿಡುತ್ತದೆ!

ಅದಕ್ಕಾಗಿ ನಂಪೈಯಲ್ಲಿ "ಸಂಖ್ಯೆಯಲ್ಲ" ಎಂದು ಹೇಳುವ ಒಂದು ವಿಶೇಷ ಬೆಲೆ ಇದೆ. ಅದರ ಹೆಸರು ನ್ಯಾನ್. ಸಾಮಾನ್ಯ ಸರಾಸರಿ ಕೇಳಿದರೆ ನ್ಯಾನ್ ಇರುವ ಪಟ್ಟಿಯ ಉತ್ತರವೂ ನ್ಯಾನ್ ಎಂದೇ ಬರುತ್ತದೆ. "ನ್ಯಾನ್‌ಮೀನ್" ಎಂಬ ಕಾರ್ಯವನ್ನು ಕೇಳಿದರೆ ಅದು ಖಾಲಿ ದಿನಗಳನ್ನು ಬಿಟ್ಟು ಸರಿಯಾಗಿ 40 ಎನ್ನುತ್ತದೆ. ನಮ್ಮ ಮಕ್ಕಳು ಹಾಗೆಯೇ ಮಾಡಿದ್ದರು. ಆದರೆ ನ್ಯಾನ್ ಎಂಬ ಹೆಸರನ್ನು ಮೊದಲ ಮತ್ತು ಕೊನೆಯ ಅಕ್ಷರ ದೊಡ್ಡದಾಗಿ ಬರೆದಿದ್ದರು. ನಂಪೈ 1.26ರಲ್ಲಿ ದೊಡ್ಡಕ್ಷರದ ಈ ರೂಪವೂ ನಡೆಯುತ್ತಿತ್ತು. 2024ರ ಜೂನ್‌ನಲ್ಲಿ ಬಂದ ನಂಪೈ 2.0 ಅದನ್ನು ತೆಗೆದುಹಾಕಿ, ಎಲ್ಲ ಸಣ್ಣಕ್ಷರಗಳ ರೂಪವನ್ನು ಮಾತ್ರ ಉಳಿಸಿಕೊಂಡಿತು. ಹುಡುಗಿ ಹಾಕಿದ ಪ್ಯಾಕೇಜಿನ ಜೊತೆಗೆ ನಂಪೈ ಕೂಡ ಹೊಸ ಆವೃತ್ತಿಗೆ ಏರಿತ್ತು. ಪರಿಸರ ಒಂದೇ ಆಗಿದ್ದರಿಂದ ಪಕ್ಕದ ತಂಡದ ಕ್ರಮವಿಧಿ "ಇಂಥ ಹೆಸರೇ ಇಲ್ಲ" ಎಂದು ನಿಂತಿತು.

"ಹಾಗಾದರೆ ಎರಡಕ್ಷರ ತಿದ್ದಿದರೆ ಸಾಕಲ್ಲವೇ ಅಂಕಲ್?" ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ತಿದ್ದಿದ್ದರೆ ಕ್ರಮವಿಧಿ ಓಡುತ್ತಿತ್ತು. ಆದರೆ ಉತ್ತರವೂ ಮೊದಲಿನಂತೆಯೇ ಇರುತ್ತದೆ ಎಂದು ಯಾರು ಹೇಳಬೇಕು? ಕಿರುಚಿ ನಿಲ್ಲುವ ತಪ್ಪಿಗಿಂತ ಸದ್ದಿಲ್ಲದೆ ಬದಲಾಗುವ ಉತ್ತರ ಹೆಚ್ಚು ಅಪಾಯ. ಇದಕ್ಕೆ ಒಂದು ಉದಾಹರಣೆ ನೋಡಿ.

ನಂಪೈಯಲ್ಲಿ ದಶಮಾಂಶ ಸಂಖ್ಯೆಯನ್ನು 32 ಬಿಟ್‌ಗಳಲ್ಲಿ ಅಥವಾ 64 ಬಿಟ್‌ಗಳಲ್ಲಿ ಇಡಬಹುದು. 32 ಬಿಟ್‌ಗಳಲ್ಲಿ ಸುಮಾರು 7 ಅಂಕಿಗಳ ನಿಖರತೆ ಇದ್ದರೆ, 64 ಬಿಟ್‌ಗಳಲ್ಲಿ 15–16 ಅಂಕಿಗಳಷ್ಟು. ಈಗ 1,67,77,216 ಎಂಬ ಒಂದು ಸಂಖ್ಯೆಯನ್ನು 32 ಬಿಟ್ ರೂಪದಲ್ಲಿಟ್ಟು, ಅದಕ್ಕೆ ಪೈಥಾನ್‌ನ 1.0 ಕೂಡಿಸಿ. ನಂಪೈ 1.26 ಉತ್ತರವನ್ನು 64 ಬಿಟ್‌ಗೆ ಏರಿಸಿ 1,67,77,217 ಎನ್ನುತ್ತದೆ. ನಂಪೈ 2.0 ಉತ್ತರವನ್ನು 32 ಬಿಟ್‌ನಲ್ಲೇ ಇಡುತ್ತದೆ. ಅಲ್ಲಿ ಆ ಕೊನೆಯ ಒಂದಕ್ಕೆ ಜಾಗವಿಲ್ಲ. ಉತ್ತರ 1,67,77,216 ಎಂದೇ ಉಳಿಯುತ್ತದೆ. ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಇದು ನಂಪೈಯ ದೋಷವಲ್ಲ. ನಿಯಮವನ್ನು ಸರಳಗೊಳಿಸಲು ಯೋಚಿಸಿ ಮಾಡಿದ ಬದಲಾವಣೆ, ಅದರ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದೂ ಇದೆ. ಅದನ್ನು ಓದದೆ ಆವೃತ್ತಿ ಏರಿಸುವುದು ನಮ್ಮ ದೋಷ.

ಆದ್ದರಿಂದ ಆ ರಾತ್ರಿ ನಾವು ಕ್ರಮವಿಧಿಯನ್ನು ಮುಟ್ಟಲಿಲ್ಲ. ಉಷ್ಣಾಂಶದ ತಂಡಕ್ಕೆ ಹೊಸ ಪರಿಸರ ಕಟ್ಟಿ, ಹಳೆಯ ನಂಪೈಯನ್ನೇ ಹಾಕಲು ನಿರ್ಧರಿಸಿದೆವು. ಆದರೆ ಹಳೆಯದು ಎಂದರೆ ಯಾವುದು? ಪಟ್ಟಿಯನ್ನು ನಾನು ಉಳಿಸಿರಲಿಲ್ಲ. ಆಗ ಆ ತಂಡದ ಒಬ್ಬ ಹುಡುಗಿ ತನ್ನ ಪ್ರಯೋಗ ಪುಸ್ತಕ ತೆರೆದಳು. ಅಕ್ಟೋಬರ್‌ನಲ್ಲಿ ಮುದ್ರಿಸಿದ ಫಲಿತಾಂಶದ ಹಾಳೆಯನ್ನು ಅಂಟಿಸಿದ್ದಳು. ಅದರ ಮೊದಲ ಸಾಲಿನಲ್ಲೇ "ನಂಪೈ 1.26.4" ಎಂದಿತ್ತು. ಅದನ್ನು ಹಾಕಿ ಓಡಿಸಿ, ಬಂದ ಸಂಖ್ಯೆಗಳನ್ನು ಆ ಹಾಳೆಯ ಜೊತೆ ಸಾಲು ಸಾಲಾಗಿ ಹೋಲಿಸಿದೆವು. ಎಲ್ಲವೂ ಸರಿಹೊಂದಿದವು. ಮೂರು ತಿಂಗಳ ಶ್ರಮವನ್ನು ಉಳಿಸಿದ್ದು ನನ್ನ ಅನುಭವವಲ್ಲ, ಒಂದು ಮಗುವಿನ ಬರೆದಿಡುವ ಅಭ್ಯಾಸ.

ದಿನನಿತ್ಯದ ನಿರ್ವಹಣೆ

ಆ ನಂತರ ನಮ್ಮ ಸರ್ವರ್‌ನಲ್ಲಿ ಕೆಲವು ನಿಯಮಗಳನ್ನು ಮಾಡಿಕೊಂಡೆವು. ನಿಮಗೂ ಉಪಯೋಗವಾದೀತು.

ಒಂದು, ಪ್ರತಿ ಯೋಜನೆಗೂ ಒಂದು ಪರಿಸರ. ಡಿಸ್ಕ್‌ನಲ್ಲಿ ಸ್ವಲ್ಪ ಹೆಚ್ಚು ಜಾಗ ಹೋಗುತ್ತದೆ, ಹೋಗಲಿ.

ಎರಡು, ಇರುವ ಪರಿಸರದಲ್ಲಿ ಆವೃತ್ತಿ ಏರಿಸುವುದಿಲ್ಲ. ಪಕ್ಕದಲ್ಲಿ ಹೊಸ ಪರಿಸರ ಕಟ್ಟಿ, ಅದೇ ಲೆಕ್ಕವನ್ನು ಎರಡರಲ್ಲೂ ಓಡಿಸಿ, ಉತ್ತರ ಹೋಲಿಸಿ, ಒಪ್ಪಿಗೆಯಾದ ಮೇಲೆ ಹೊಸದಕ್ಕೆ ಹೋಗುತ್ತೇವೆ. ಹಾಗೆಂದು ಹಳೆಯ ಆವೃತ್ತಿಗೆ ಶಾಶ್ವತವಾಗಿ ಅಂಟಿಕೊಳ್ಳುವುದೂ ತಪ್ಪು. ಹಳೆಯದಕ್ಕೆ ದೋಷ ನಿವಾರಣೆ ಒಂದು ದಿನ ನಿಂತುಹೋಗುತ್ತದೆ. ಪರೀಕ್ಷೆ, ಪ್ರದರ್ಶನಗಳ ವಾರದಲ್ಲಿ ಮಾತ್ರ ಯಾವ ಬದಲಾವಣೆಯೂ ಇಲ್ಲ.

ಮೂರು, ಪರಿಸರದ ಫೋಲ್ಡರನ್ನು ಬೇರೆ ಯಂತ್ರಕ್ಕೆ ನಕಲು ಮಾಡುವುದಿಲ್ಲ. ಅದರೊಳಗೆ ಹಳೆಯ ಜಾಗದ ವಿಳಾಸಗಳು ಅಚ್ಚಾಗಿರುತ್ತವೆ. ಕ್ರಮವಿಧಿ, ಮಾಹಿತಿ ಮತ್ತು ಪ್ಯಾಕೇಜುಗಳ ಪಟ್ಟಿ ಈ ಮೂರನ್ನು ಮಾತ್ರ ಜೋಪಾನ ಮಾಡಿ. ಪಟ್ಟಿ ಇದ್ದರೆ ಪರಿಸರವನ್ನು ಮತ್ತೆ ಕಟ್ಟಬಹುದು.

ನಾಲ್ಕು, ಮೆಮೊರಿಯ ಲೆಕ್ಕ ಮೊದಲೇ ಹಾಕಿ. 64 ಬಿಟ್‌ನ ಒಂದು ಸಂಖ್ಯೆಗೆ 8 ಬೈಟ್ ಬೇಕು. 10,000 ಸಾಲು, 10,000 ಕಂಬಗಳ ಮಾತೃಕೆಯಲ್ಲಿ 10 ಕೋಟಿ ಸಂಖ್ಯೆಗಳು, ಅಂದರೆ 80 ಕೋಟಿ ಬೈಟ್. ಎರಡನ್ನು ಗುಣಿಸಿ ಮೂರನೆಯದರಲ್ಲಿ ಉತ್ತರ ಇಡಲು 240 ಕೋಟಿ ಬೈಟ್, ಸುಮಾರು 2.4 ಗಿಗಾಬೈಟ್. ಸರ್ವರ್‌ನಲ್ಲಿ ಒಟ್ಟು 8 ಗಿಗಾಬೈಟ್ ಮಾತ್ರ ಇದ್ದರೆ ನಾಲ್ವರು ಒಟ್ಟಿಗೆ ಹೀಗೆ ಮಾಡುವಂತಿಲ್ಲ.

ಐದು, ಒಲೆಯನ್ನು ಹಂಚಿಕೊಳ್ಳಿ. ಓಪನ್‌ಬ್ಲಾಸ್ ತಾನಾಗಿಯೇ ಯಂತ್ರದ ಎಲ್ಲ ಕೋರ್‌ಗಳನ್ನೂ ಬಳಸಲು ನೋಡುತ್ತದೆ. 8 ಕೋರ್‌ಗಳ ಯಂತ್ರದಲ್ಲಿ ಆರು ಮಕ್ಕಳು ಒಟ್ಟಿಗೆ ಲೆಕ್ಕ ಓಡಿಸಿದರೆ 48 ಎಳೆಗಳು 8 ಕೋರ್‌ಗಳಿಗಾಗಿ ಕಿತ್ತಾಡಿ, ಎಲ್ಲರ ಕೆಲಸವೂ ನಿಧಾನವಾಗುತ್ತದೆ. ಕ್ರಮವಿಧಿ ಆರಂಭಿಸುವ ಮೊದಲೇ ಎಳೆಗಳ ಸಂಖ್ಯೆಗೆ ಮಿತಿ ಹಾಕುವ ಸೌಲಭ್ಯವಿದೆ. ನಾವು ಒಬ್ಬರಿಗೆ ಒಂದು ಎಂದು ಇಟ್ಟುಕೊಂಡಿದ್ದೇವೆ.

ಪೋಷಕರಿಗೆ ಒಂದು ಮಾತು

ಗಣಕಯಂತ್ರದ ವಿಷಯ ನಿಮಗೆ ತಿಳಿಯದಿದ್ದರೂ ಚಿಂತೆಯಿಲ್ಲ. ಮಗು ತನ್ನ ಯೋಜನೆ ತೋರಿಸಿದಾಗ ಒಂದೇ ಪ್ರಶ್ನೆ ಕೇಳಿ: "ಇದೇ ಉತ್ತರ ನಿನ್ನ ಗೆಳತಿಗೆ ಬೇರೆ ಯಂತ್ರದಲ್ಲೂ ಸಿಗುತ್ತದೆಯೇ? ಅದಕ್ಕೆ ಬೇಕಾದದ್ದನ್ನೆಲ್ಲ ಬರೆದಿಟ್ಟಿದ್ದೀಯಾ?" ವಿಜ್ಞಾನದಲ್ಲಿ ಒಬ್ಬರಿಗೆ ಮಾತ್ರ ಸಿಗುವ ಉತ್ತರಕ್ಕೆ ಬೆಲೆಯಿಲ್ಲ.

ಇನ್ನೊಂದು ವಿನಂತಿ. ಏನಾದರೂ ಕೆಟ್ಟಾಗ ಮೊದಲು ಬೈಯಬೇಡಿ. ಆ ಹುಡುಗಿ ತಪ್ಪನ್ನು ಮುಚ್ಚಿಟ್ಟಿದ್ದರೆ ಕಾರಣ ಹುಡುಕುವುದರಲ್ಲೇ ಎರಡು ದಿನ ಕಳೆಯುತ್ತಿತ್ತು. ಅವಳು ಕೊಟ್ಟ ಆಜ್ಞೆಯನ್ನು ಅಕ್ಷರಶಃ ಓದಿ ಹೇಳಿದ್ದರಿಂದ ಅರ್ಧ ಗಂಟೆಯಲ್ಲಿ ಕಾರಣ ತಿಳಿಯಿತು. ಪ್ರದರ್ಶನದ ದಿನ ಎರಡೂ ತಂಡಗಳು ಅಕ್ಕಪಕ್ಕದ ಮೇಜಿನಲ್ಲಿ ನಿಂತಿದ್ದವು. ಪ್ರತ್ಯೇಕ ಪರಿಸರ ಎಂದರೇನು ಎಂದು ಬಂದವರಿಗೆಲ್ಲ ವಿವರಿಸಿದವಳು ಅವಳೇ. ಈಗ ನಮ್ಮ ಸರ್ವರ್‌ನ ದಾಖಲೆ ಪುಸ್ತಕವನ್ನು ನೋಡಿಕೊಳ್ಳುವ ಜವಾಬ್ದಾರಿಯೂ ಅವಳದೇ.

ಅಭ್ಯಾಸ

1. 5,000 ಸಾಲು, 5,000 ಕಂಬಗಳ 64 ಬಿಟ್ ಮಾತೃಕೆಗೆ ಎಷ್ಟು ಬೈಟ್ ಮೆಮೊರಿ ಬೇಕು? 32 ಬಿಟ್ ಆದರೆ ಎಷ್ಟು?

2. 36, 38, 37, 41 ಡಿಗ್ರಿ ಎಂಬ ನಾಲ್ಕು ಅಳತೆಗಳೂ ಒಂದು ಖಾಲಿ ದಿನವೂ ಇವೆ. ಖಾಲಿ ದಿನಕ್ಕೆ ಸೊನ್ನೆ ಹಾಕಿದರೆ ಸರಾಸರಿ ಎಷ್ಟು? ಬಿಟ್ಟು ಲೆಕ್ಕ ಹಾಕಿದರೆ ಎಷ್ಟು?

3. ಮನೆಯ ಯಂತ್ರದಲ್ಲಿ ಎರಡು ಪರಿಸರ ಕಟ್ಟಿ, ಒಂದರಲ್ಲಿ ಒಂದು ಆವೃತ್ತಿಯ ನಂಪೈ, ಇನ್ನೊಂದರಲ್ಲಿ ಬೇರೆ ಆವೃತ್ತಿ ಹಾಕಿ. ಎರಡರ ಪಟ್ಟಿಗಳನ್ನು ಮುದ್ರಿಸಿ ವ್ಯತ್ಯಾಸಗಳಿಗೆ ಗೆರೆ ಎಳೆಯಿರಿ.

4. ನಿಮ್ಮ ಈ ವರ್ಷದ ಯೋಜನೆಯ ಮೊದಲ ಪುಟದಲ್ಲಿ ಪೈಥಾನ್ ಮತ್ತು ನಂಪೈ ಆವೃತ್ತಿಗಳನ್ನು ಬರೆಯಿರಿ.

ಉತ್ತರಗಳು: ಮೊದಲನೆಯದು 20 ಕೋಟಿ ಬೈಟ್, 32 ಬಿಟ್ ಆದರೆ 10 ಕೋಟಿ. ಎರಡನೆಯದು 30.4 ಮತ್ತು 38. ಮೂರನೆಯದನ್ನೂ ನಾಲ್ಕನೆಯದನ್ನೂ ನೀವೇ ಮಾಡಿ ನೋಡಬೇಕು.